ಮೊಬೈಲಿಗೆ ಇನ್ನೊಂದು ವೆಬ್‌ಸೈಟ್ ಬೇಕೆ?

ಪ್ರಶ್ನೆ: ಮಡಿಕೇರಿ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ಅದರ ವೆಬ್‌ಸೈಟ್ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಫೋನಿನಲ್ಲಿ ಮಾತ್ರ ಅಕ್ಷರ ಇರುವೆಯಷ್ಟು, ಫೋಟೊಗಳು ಬರುವಷ್ಟರಲ್ಲಿ ಸಾಕಾಗುತ್ತದೆ. ಮೊಬೈಲಿಗೆ ಬೇರೆ ಸೈಟ್ ಮಾಡಬೇಕು, ಖರ್ಚು ಬೇರೆ ಎನ್ನುತ್ತಾರೆ ಡಿಸೈನರ್. ಮಾಡಿಸಲೇ?

ಉತ್ತರ: ಬೇಡ. ಎರಡು ಸೈಟ್ ಇದ್ದರೆ ಒಂದರಲ್ಲಿ ಹೊಸ ಬಾಡಿಗೆ, ಇನ್ನೊಂದರಲ್ಲಿ ಹಳೆಯದು ಉಳಿದು ಅತಿಥಿಗಳ ಜೊತೆ ಜಗಳವಾಗುತ್ತದೆ, ಅಷ್ಟೆ.

ಮೊದಲು ಪುಟದಲ್ಲಿ ವ್ಯೂಪೋರ್ಟ್ ಟ್ಯಾಗ್, ಅಂದರೆ ಪುಟವನ್ನು ಫೋನಿನ ಅಗಲಕ್ಕೇ ಜೋಡಿಸು ಎಂದು ಬ್ರೌಸರಿಗೆ ಹೇಳುವ ಸಾಲು, ಇದೆಯೇ ಎಂದು ಡಿಸೈನರನ್ನು ಕೇಳಿ. ಇಲ್ಲವೆಂದೇ ನನ್ನ ಗುಮಾನಿ. ಆ ಒಂದು ಸಾಲು ಇಲ್ಲದಿದ್ದರೆ ಫೋನಿನ ಬ್ರೌಸರ್ ಪುಟವನ್ನು ಸುಮಾರು 980 ಪಿಕ್ಸೆಲ್ ಅಗಲಕ್ಕೆ ಜೋಡಿಸಿ, ಆಮೇಲೆ ಕುಗ್ಗಿಸಿ ಅಂಗೈಯಗಲದ ತೆರೆಗೆ ತುರುಕುತ್ತದೆ. ಟ್ಯಾಗ್ ಹಾಕಿದ ಮೇಲೆ ಪುಟ ಅಡ್ಡಡ್ಡ ಜಾರತೊಡಗಿದರೆ, ಎಲ್ಲೋ ಅಗಲವನ್ನು ಪಿಕ್ಸೆಲ್‌ನಲ್ಲಿ ಕಟ್ಟಿಹಾಕಿದ್ದಾರೆ ಎಂದರ್ಥ. ಅದನ್ನು ಶೇಕಡಾವಾರಿಗೆ ಬದಲಿಸಿ, ಅಕ್ಕಪಕ್ಕದ ಕಾಲಂಗಳು ಸಣ್ಣ ತೆರೆಯಲ್ಲಿ ಒಂದರ ಕೆಳಗೊಂದು ಬರುವಂತೆ ಮೀಡಿಯಾ ಕ್ವೆರಿ (ತೆರೆಯ ಅಗಲ ನೋಡಿ ವಿನ್ಯಾಸ ಬದಲಿಸುವ ನಿಯಮ) ಬರೆಯಬೇಕು. ವೆಬ್ ಡಿಸೈನರ್ ಈಥನ್ ಮಾರ್ಕಾಟ್ ಇದಕ್ಕೆ 'ರೆಸ್ಪಾನ್ಸಿವ್' ಎಂದು ಹೆಸರಿಟ್ಟಿದ್ದು 2010ರಲ್ಲಿ. ಹೊಸ ವಿದ್ಯೆಯೇನಲ್ಲ, ಹೆಚ್ಚುವರಿ ಬಿಲ್ ಹಾಕುವಂಥದ್ದೂ ಅಲ್ಲ!

ಫೋಟೊಗಳು ಕ್ಯಾಮೆರಾದಿಂದ ಇಳಿದ ಹಾಗೇ ಇರಬೇಕು, ಒಂದೊಂದೂ ಹಲವು ಎಂಬಿ. 360 ಪಿಕ್ಸೆಲ್ ಅಗಲವೆನ್ನುವ ಫೋನಿನ ತೆರೆಯ ಅಗಲದಲ್ಲಿ ನಿಜಕ್ಕೂ ಅದರ ಮೂರು ಪಟ್ಟು ಚುಕ್ಕೆಗಳಿದ್ದರೂ 1080 ಪಿಕ್ಸೆಲ್ ಅಗಲದ ಚಿತ್ರ ಧಾರಾಳ ಸಾಕು. ವೆಬ್‌ಪಿ ಎಂಬ ಚಿತ್ರ-ಫೈಲ್ ರೂಪಕ್ಕೆ ಬದಲಿಸಿದರೆ ಇನ್ನೂ ಹಗುರ.

ಕನ್ನಡ ಪುಟವಿದ್ದರೆ ಇನ್ನೊಂದು ವಿಷಯ. ಇಂಗ್ಲಿಷ್ ಅಕ್ಷರದ ಅಳತೆಗೆ ಬಟನ್ನಿನ ಎತ್ತರ ಕಟ್ಟಿದವರು ನಮ್ಮ ಒತ್ತಕ್ಷರದ ಕಾಲು ಕತ್ತರಿಸುತ್ತಾರೆ. 'ಕಾಯ್ದಿರಿಸಿ' ಬಟನ್ನಿನಲ್ಲಿ ದ ಒತ್ತು ಪೂರ್ತಿ ಕಾಣುತ್ತದೆಯೇ ನೋಡಿ. ಎತ್ತರವನ್ನು ಬಿಗಿಯದೆ, ಸಾಲಿನ ಅಂತರ 1.6ರ ಆಸುಪಾಸು ಇಡಲಿ. ಬಟನ್ 48 ಪಿಕ್ಸೆಲ್‌ಗಿಂತ ಚಿಕ್ಕದಾದರೆ ಹೆಬ್ಬೆರಳು ಪಕ್ಕದ್ದನ್ನು ಒತ್ತುತ್ತದೆ. ಫಾರಂನಲ್ಲಿ ಬರೆಯುವ ಜಾಗದ ಅಕ್ಷರ 16 ಪಿಕ್ಸೆಲ್‌ಗಿಂತ ಸಣ್ಣದಿದ್ದರೆ ಐಫೋನ್ ತಾನಾಗಿ ಜೂಮ್ ಆಗುತ್ತದೆ.

ಫೋನ್ ನಂಬರನ್ನು ಚಿತ್ರದೊಳಗೆ ಸೇರಿಸಿದ್ದರೆ ತೆಗೆಸಿ, ಒತ್ತಿದರೆ ಕರೆ ಹೋಗುವ ಲಿಂಕ್ ಮಾಡಿಸಿ. ಎಲ್ಲ ಮುಗಿದ ಮೇಲೆ ಡಿಸೈನರ್ ಕಚೇರಿಯ ವೈಫೈಯಲ್ಲಿ ನೋಡಿ ಒಪ್ಪಬೇಡಿ. ನಿಮ್ಮ ಮನೆಗೆ ಬರುವ ಘಾಟಿ ತಿರುವಿನಲ್ಲಿ, ಸಿಗ್ನಲ್ ಒಂದೇ ಕಡ್ಡಿ ಇರುವಲ್ಲಿ ನಿಂತು ತೆರೆದು ನೋಡಿ. ಆಮೇಲೆ ಹಣ ಕೊಡಿ.