ಸ್ವಂತವಾಗಿ ಬರೆದ ಯುದ್ಧದಾಟದ ನಿಯಮಾವಳಿಗೆ ಎಂಥ ಹೆಸರು ಒಪ್ಪುತ್ತದೆ?

ಏಳು ವರ್ಷಗಳ ಯುದ್ಧದ (1756–1763) ಕಾಳಗಗಳನ್ನು ಮಿನಿಯೇಚರ್ ಸೈನಿಕರೊಂದಿಗೆ (ಪುಟ್ಟ ಗೊಂಬೆ ಸೈನಿಕರೊಂದಿಗೆ) ಮೇಜಿನ ಮೇಲೆ ಆಡಲು ನಿಯಮಗಳನ್ನು ಬರೆದಿರುವುದಾಗಿ ತಿಳಿಸಿ, ಅವುಗಳಿಗೆ ‘ಉಕ್ಕು ಮತ್ತು ನೆತ್ತರು’ ಎಂಬ ಹೆಸರು ಚೆನ್ನೋ ‘ಲಾಯ್ಟೆನ್’ ಎಂಬುದು ಚೆನ್ನೋ ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಎರಡೂ ಬೇಡ.

‘ಉಕ್ಕು ಮತ್ತು ನೆತ್ತರು’ ಎಂಬ ಹೆಸರನ್ನು ರೋಮನ್ನರ ಕಾಳಗಕ್ಕೂ ಇಡಬಹುದು, ಎರಡನೇ ಮಹಾಯುದ್ಧಕ್ಕೂ ಇಡಬಹುದು. ಯಾವ ಕಾಲದ್ದೆಂದು ಹೇಳದ ಹೆಸರು ಚಾರಿತ್ರಿಕ ಆಟಕ್ಕೆ ಹೊಂದುವುದಿಲ್ಲ. 2009ರಲ್ಲಿ ಪ್ರಕಟವಾದ ‘ಬ್ಲ್ಯಾಕ್ ಪೌಡರ್’ ನಿಯಮಾವಳಿಯನ್ನು ಗಮನಿಸಿ. ಹದಿನೆಂಟು ಮತ್ತು ಹತ್ತೊಂಬತ್ತನೇ ಶತಮಾನಗಳ ಕಾಳಗಗಳಿಗಾಗಿ ಬರೆದ ಆ ನಿಯಮಗಳು ಆ ಕಾಲದ ಬಂದೂಕು, ಫಿರಂಗಿಗಳಿಗೆ ತುಂಬುತ್ತಿದ್ದ ಕಪ್ಪು ಮದ್ದಿನ ಹೆಸರನ್ನೇ ಹೊತ್ತಿರುವುದರಿಂದ, ಪುಸ್ತಕ ತೆರೆಯುವ ಮೊದಲೇ ಕಾಲ ಯಾವುದೆಂಬ ಅಂದಾಜು ಸಿಕ್ಕಿಬಿಡುತ್ತದೆ.

‘ಲಾಯ್ಟೆನ್’ ಹೆಸರಿನ ತೊಡಕು ಬೇರೆ ಬಗೆಯದು. 1757ರ ಡಿಸೆಂಬರ್ 5ರಂದು ಪ್ರಶ್ಯದ ಫ್ರೆಡರಿಕ್ ದೊರೆಯು ದಿಬ್ಬಗಳ ಮರೆಯಲ್ಲಿ ತನ್ನ ಸೈನ್ಯವನ್ನು ನಡೆಸಿಕೊಂಡು ಹೋಗಿ, ತನಗಿಂತ ಬಹಳ ದೊಡ್ಡದಾಗಿದ್ದ ಆಸ್ಟ್ರಿಯನ್ ಸೈನ್ಯದ ಎಡ ಪಾರ್ಶ್ವದ ಮೇಲೆರಗಿ ಗೆದ್ದ ಕಾಳಗವದು. ಅದೇ ವರ್ಷದ ಜೂನ್‌ನಲ್ಲಿ ಕೊಲೀನ್‌ನಲ್ಲಿ ಆತ ಸೋತಿದ್ದನ್ನೂ, 1759ರಲ್ಲಿ ಮಿಂಡೆನ್‌ನಲ್ಲಿ ಫ್ರೆಂಚರು ಸೋತಿದ್ದನ್ನೂ ಆಡಿಸಬಲ್ಲ ನಿಯಮಾವಳಿಗೆ ಲಾಯ್ಟೆನ್ ಎಂದು ಹೆಸರಿಟ್ಟರೆ, ಅದು ಆ ಒಂದೇ ಕಾಳಗದ ಆಟವೆಂದು ಜನ ಭಾವಿಸುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಆಸ್ಟ್ರಿಯದ ಪರವಾಗಿ ಆಡುವವರು ಮುಖಪುಟದಲ್ಲೇ ಸೋತಂತಾಗುತ್ತದೆ. ಇದು ನನಗೆ ಸಣ್ಣ ವಿಷಯವೆನಿಸುವುದಿಲ್ಲ.

ಹಾಗಾದರೆ ಹೆಸರನ್ನು ಎಲ್ಲಿ ಹುಡುಕಬೇಕು? ಆಟಗಾರನು ಮೇಜಿನ ಮುಂದೆ ಯಾರ ಸ್ಥಾನದಲ್ಲಿ ನಿಂತಿದ್ದಾನೆ, ಅವನನ್ನು ಅತಿ ಹೆಚ್ಚು ಕಾಡುವ ನಿರ್ಧಾರ ಯಾವುದು ಎಂಬ ಎರಡು ಪ್ರಶ್ನೆಗಳಿಗೆ ನಿಮ್ಮ ನಿಯಮಗಳೇ ಕೊಡುವ ಉತ್ತರದಲ್ಲಿ ಹುಡುಕಬೇಕು. ನಿಮ್ಮ ಆಟದಲ್ಲಿ ಒಂದು ಬೇಸ್ (ಗೊಂಬೆ ಸೈನಿಕರನ್ನು ಅಂಟಿಸಿದ ಪುಟ್ಟ ಹಲಗೆ) ಒಂದು ಬೆಟಾಲಿಯನ್‌ಗೆ ಸಮ, ಆಟಗಾರನು ಇಡೀ ಸೈನ್ಯದ ಸೇನಾಪತಿ, ಮತ್ತು ಹಿಂದೆ ನಿಲ್ಲಿಸಿದ ಪಡೆಯನ್ನು ಯಾವಾಗ ಮುಂದಕ್ಕೆ ಕಳುಹಿಸಬೇಕೆಂಬುದರ ಮೇಲೆ ಸೋಲು ಗೆಲುವು ನಿಂತಿದೆ ಎಂದು ಬರೆದಿದ್ದೀರಿ. ಆ ಯುದ್ಧದಲ್ಲಿ ಕಾಲಾಳುಗಳನ್ನು ಒಂದರ ಹಿಂದೊಂದು ಎರಡು ಸಾಲುಗಳಲ್ಲಿ ನಿಲ್ಲಿಸುವುದು ವಾಡಿಕೆಯಾಗಿತ್ತು. ಮೊದಲ ಸಾಲು ಗುಂಡಿನ ಸುರಿಮಳೆಯಲ್ಲಿ ಕರಗುತ್ತಿರುವಾಗ ಎರಡನೆಯದನ್ನು ತಡೆದು ಹಿಡಿಯುವುದೋ, ನುಗ್ಗಿಸುವುದೋ ಎಂಬುದು ಸೇನಾಪತಿಯ ನಿಜವಾದ ಪರೀಕ್ಷೆ. ಆದ್ದರಿಂದ ‘ಎರಡನೇ ಸಾಲು’ ಎಂಬ ಹೆಸರನ್ನು ನಾನು ಮನಸಾರೆ ಸೂಚಿಸುತ್ತೇನೆ. ಅದು ಯಾವ ಪಕ್ಷವನ್ನೂ ಹೊಗಳುವುದಿಲ್ಲ, ಆಟದ ತಿರುಳನ್ನು ಮಾತ್ರ ಹೇಳುತ್ತದೆ.

ಆದರೆ ಈ ಹೆಸರಿನಿಂದಲೂ ಕಾಲ ಯಾವುದೆಂದು ನೇರವಾಗಿ ತಿಳಿಯದು. ಆ ಹೊಣೆಯನ್ನು ಉಪಶೀರ್ಷಿಕೆಗೆ ವಹಿಸಿ: ‘ಏಳು ವರ್ಷಗಳ ಯುದ್ಧದ ಕಾಳಗಗಳಿಗಾಗಿ ಮಿನಿಯೇಚರ್ ನಿಯಮಾವಳಿ, 1756–1763’. ಉಪಶೀರ್ಷಿಕೆ ಎಷ್ಟು ಸಪ್ಪೆಯಾಗಿದ್ದರೂ ನಡೆಯುತ್ತದೆ, ಅದರಲ್ಲಿ ಚಮತ್ಕಾರ ಬೇಡ. ಮುಖ್ಯ ಹೆಸರು ಮಾತ್ರ ಚಿಕ್ಕದಾಗಿರಲಿ, ಏಕೆಂದರೆ ಉದ್ದದ ಹೆಸರನ್ನು ಆಟಗಾರರು ಮೊಟಕುಗೊಳಿಸಿಯೇ ತೀರುತ್ತಾರೆ. ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’ ಎಂಬ ಲ್ಯಾಟಿನ್ ಹೆಸರಿನ ನಿಯಮಾವಳಿಯನ್ನು ಎಲ್ಲರೂ ಡಿಬಿಎ ಎಂದೇ ಕರೆಯುತ್ತಾರೆ. ಹೆಸರನ್ನು ಅಂತಿಮಗೊಳಿಸುವ ಮುನ್ನ ಅದೇ ಹೆಸರಿನಲ್ಲಿ ಬೇರೆ ಆಟವಿದೆಯೇ ಎಂದು ಅಂತರ್ಜಾಲದಲ್ಲಿ ಹುಡುಕಿ ನೋಡಿ.

ಕೊನೆಯದಾಗಿ, ಮುಖಪುಟದಲ್ಲಿ ಹೆಸರಿನ ಕೆಳಗೆ ಆವೃತ್ತಿಯ ಸಂಖ್ಯೆಯನ್ನೂ ದಿನಾಂಕವನ್ನೂ ತಪ್ಪದೆ ಮುದ್ರಿಸಿ. ಸ್ವಂತ ನಿಯಮಗಳು ಆಡಿದಂತೆಲ್ಲ ಬದಲಾಗುತ್ತವೆ. ಇಬ್ಬರು ಗೆಳೆಯರು ಎರಡು ಬೇರೆ ಬೇರೆ ಪ್ರತಿಗಳನ್ನು ಹಿಡಿದು ಬಂದಾಗ, ಯಾವ ಪ್ರತಿಯ ಪ್ರಕಾರ ದಾಳ ಉರುಳಿಸಬೇಕೆಂಬುದು ಆಗ ವಾದವಿಲ್ಲದೆ ತೀರ್ಮಾನವಾಗುತ್ತದೆ.