ಬದುಕಿರುವಾಗಲೇ ಆತ್ಮಿಕವಾಗಿ ಸತ್ತಿರುವುದು ಎಂದರೇನು?

ನೀವು ಕೇಳಿರುವುದು ಎರಡು ಪ್ರಶ್ನೆ. ಚಿಕ್ಕಮಗಳೂರಿನ ಬಸ್ ನಿಲ್ದಾಣದಲ್ಲಿ ಯಾರೋ ಕೈಗಿತ್ತ ಕರಪತ್ರದಲ್ಲಿ ‘ನೀವು ಆತ್ಮಿಕವಾಗಿ ಸತ್ತಿದ್ದೀರಿ, ಅಂತಿಮ ತೀರ್ಪು ಹತ್ತಿರವಿದೆ’ ಎಂದಿತ್ತು, ಹಾಗೆಂದರೇನು ಎಂಬುದು ಮೊದಲನೆಯದು. ಹೋದ ವರ್ಷ ತೀರಿಕೊಂಡ ನಿಮ್ಮ ತಾಯಿ ಬದುಕಿಡೀ ದೇವಿಯ ಪೂಜೆ ಮಾಡಿದವರು, ಕ್ರೈಸ್ತರ ಲೆಕ್ಕದಲ್ಲಿ ಅವರ ಗತಿಯೇನು ಎಂಬುದು ಎರಡನೆಯದು. ಅದನ್ನು ಕೊನೆಗೆ, ಒಂದೇ ಸಾಲಿನಲ್ಲಿ ಕೇಳಿದ್ದೀರಿ. ನಿಮಗೆ ನಿದ್ದೆ ಕೆಡಿಸಿರುವುದು ಆ ಸಾಲೇ ಇರಬೇಕು. ನಾನು ಇದೇ ಊರಿನ ಕಥೋಲಿಕ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಚರ್ಚಿನಲ್ಲಿ ಭಾನುವಾರದ ಬಲಿಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಟ್ಟವನು. ದೇವಶಾಸ್ತ್ರ ಓದಿದ ಗುರುವಲ್ಲ. ನಂಬಿ ಬದುಕಿದವನು ಹೇಳುವ ಮಾತೆಂದು ಓದಿಕೊಳ್ಳಿ.

ಆತ್ಮಿಕ ಮರಣವೆಂದರೆ ಉಸಿರು ನಿಂತ ಮೇಲೆ ಆತ್ಮಕ್ಕೆ ಒದಗುವ ಏನೋ ಒಂದು ಎಂದು ಹಲವರು ತಿಳಿದಿದ್ದಾರೆ, ಕ್ರೈಸ್ತರೂ ಕೂಡ. ಬೈಬಲಿನಲ್ಲಿರುವುದು ಬೇರೆ. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ದೇವರು ಆದಾಮನಿಗೆ, ಆ ಮರದ ಹಣ್ಣನ್ನು ತಿಂದ ದಿನವೇ ಸಾಯುವೆ ಎನ್ನುತ್ತಾರೆ. ಅವನು ತಿನ್ನುತ್ತಾನೆ. ಆದರೆ ಸಾಯುವುದಿಲ್ಲ, ಐದನೆಯ ಅಧ್ಯಾಯದ ಪ್ರಕಾರ 930 ವರ್ಷ ಬದುಕುತ್ತಾನೆ. ಹಾಗಾದರೆ ಆ ದಿನ ಸತ್ತದ್ದೇನು? ಸಂಜೆಯ ತಂಗಾಳಿಯಲ್ಲಿ ದೇವರು ತೋಟದಲ್ಲಿ ನಡೆದುಬರುವ ಸಪ್ಪಳ ಕೇಳಿ ಅವನು ಮರಗಳ ಮರೆಗೆ ಓಡುತ್ತಾನಲ್ಲ, ಅಲ್ಲಿದೆ ಉತ್ತರ. ಯಾರ ಸಪ್ಪಳಕ್ಕೆ ಕಾದಿರುತ್ತಿದ್ದನೋ ಅವರಿಂದಲೇ ಬಚ್ಚಿಟ್ಟುಕೊಳ್ಳುವಂತಾಯಿತು. ಜೀವದ ಬೇರಿನಿಂದ ಕಡಿದುಹೋಗುವುದನ್ನೇ ನಾವು ಆತ್ಮಿಕ ಮರಣ ಎನ್ನುತ್ತೇವೆ.

ಕಾಫಿ ಬೆಳೆಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಹೊಕ್ಕರೆ, ಒಳಗೆ ಹುಳು ಕೊರೆಯುತ್ತಿದ್ದರೂ ಎಷ್ಟೋ ದಿನ ಎಲೆ ಹಸಿರಾಗಿಯೇ ಇರುತ್ತದೆ. ತೊಗಟೆಯ ಮೇಲೆ ಎದ್ದ ಉಬ್ಬುಗೆರೆಯನ್ನು ಗುರುತಿಸಬಲ್ಲವರಿಗೆ ಮಾತ್ರ ಆ ಗಿಡದ ಸ್ಥಿತಿ ತಿಳಿಯುತ್ತದೆ.

ನನ್ನ ತಂದೆ ಮೂಡಿಗೆರೆ ಕಡೆಯ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಶನಿವಾರ ಸಂಜೆ ಆಳುಗಳಿಗೆ ಬಟವಾಡೆ ಮಾಡಿ ಮನೆಗೆ ಬಂದು ಬೈಬಲ್ ತೆರೆಯುತ್ತಿದ್ದರು. ಯೇಸುವಿನ ಪ್ರೇಷಿತನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ‘ಪಾಪವು ಕೊಡುವ ಸಂಬಳ ಮರಣ’ ಎಂಬ ಮಾತಿದೆ. ತಂದೆ ಅಲ್ಲಿ ನಿಲ್ಲಿಸಿ, ‘ಸಂಬಳ ಎಂದಿದೆ, ದಂಡ ಎಂದಿಲ್ಲ, ನೋಡಿಕೋ’ ಎನ್ನುತ್ತಿದ್ದರು. ದಂಡವನ್ನು ಧಣಿ ಹಾಕುತ್ತಾನೆ. ಸಂಬಳ ನಾವೇ ದುಡಿದದ್ದು. ಪೌಲನು ಗ್ರೀಕಿನಲ್ಲಿ ಬಳಸಿದ ಪದವೂ ಸೈನಿಕರಿಗೆ ಕೊಡುವ ವೇತನದ್ದೇ. ಅದೇ ವಾಕ್ಯದ ಉತ್ತರಾರ್ಧದಲ್ಲಿ ನಿತ್ಯಜೀವಕ್ಕೆ ಸಂಬಳದ ಮಾತೇ ಇಲ್ಲ. ಅದು ದೇವರ ಉಚಿತ ವರ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನಿಗೂ ಸಿಗಬಹುದಾದದ್ದು.

ಇಷ್ಟೆಲ್ಲ ಕೇಳಿ ಬೆಳೆದ ನಾನು ತಂದೆ ಹೋದ ಮೇಲೆ, ಬೇಲಿ ಸಾಲಿನ ನಾಲ್ಕು ಸಿಲ್ವರ್ ಓಕ್ ಮರಗಳ ವಿಚಾರಕ್ಕೆ ಅಣ್ಣನ ಜೊತೆ ಮಾತು ಬಿಟ್ಟೆ. ಒಂಬತ್ತು ವರ್ಷ. ಆ ಒಂಬತ್ತು ವರ್ಷಗಳಲ್ಲಿ ಒಂದು ಭಾನುವಾರವೂ ಪೂಜೆ ತಪ್ಪಿಸಲಿಲ್ಲ, ಮಕ್ಕಳಿಗೆ ಹತ್ತು ಆಜ್ಞೆಗಳನ್ನು ಬಾಯಿಪಾಠ ಮಾಡಿಸಿದೆ. ಒಂದು ದಿನ ಯೊವಾನ್ನನ ಮೊದಲ ಪತ್ರವನ್ನು ಓದಿಸುತ್ತಿದ್ದೆ. ಮೂರನೆಯ ಅಧ್ಯಾಯದಲ್ಲಿ, ಪ್ರೀತಿಸದವನು ಮರಣದಲ್ಲೇ ನೆಲೆಸಿದ್ದಾನೆ ಎಂದು ಬರುತ್ತದೆ. ಎಂಟು ವರ್ಷದ ಹುಡುಗಿಯೊಬ್ಬಳು, ‘ಮರಣದೊಳಗೆ ಮನೆ ಮಾಡಿಕೊಂಡು ಇರುವುದು ಹೇಗೆ?’ ಎಂದು ಕೇಳಿದಳು. ಹೇಗೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬಾಯಿ ಬರಲಿಲ್ಲ.

ಮುಂದಿನ ವಾರ ಅಣ್ಣನ ಮನೆಗೆ ಹೋದೆ. ಕಣದಲ್ಲಿ ಕಾಫಿ ಹರವುತ್ತಿದ್ದ ಅಣ್ಣ ತಲೆಯೆತ್ತಿ ನೋಡಿ, ಇನ್ನೊಂದು ಹಲುಬೆ ಗೋಡೆಗೆ ಒರಗಿಸಿದೆ ಎಂದರು. ಅಷ್ಟೇ. ಕತ್ತಲಾಗುವವರೆಗೂ ಇಬ್ಬರೂ ಕಾಫಿ ಎಳೆದೆವು. ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಮನೆಬಿಟ್ಟು ಹೋದ ಮಗ ಹಿಂತಿರುಗಿದಾಗ ತಂದೆ, ಸತ್ತಿದ್ದ ನನ್ನ ಮಗ ಮರಳಿ ಬದುಕಿದ್ದಾನೆ ಎನ್ನುತ್ತಾನೆ. ಆ ಮಗ ದೂರದೇಶದಲ್ಲಿ ಹಂದಿ ಕಾಯುತ್ತ ಉಸಿರಾಡುತ್ತಲೇ ಇದ್ದ. ತಂದೆಯ ಲೆಕ್ಕದಲ್ಲಿ ಸತ್ತಿದ್ದ.

ಆ ಕರಪತ್ರದ ಬಗ್ಗೆ ನನ್ನ ತಕರಾರು ಇಷ್ಟು. ‘ನೀವು ಪಾಪಗಳಲ್ಲಿ ಸತ್ತವರಾಗಿದ್ದಿರಿ’ ಎಂಬರ್ಥದ ಮಾತನ್ನು ಪೌಲನು ಎಫೆಸದವರಿಗೆ ಬರೆದದ್ದು ನಿಜ. ಆದರೆ ಬರೆದದ್ದು ಕ್ರೈಸ್ತ ಸಭೆಯೊಳಗಿದ್ದವರಿಗೆ, ಅವರ ಹಿಂದಿನ ದಿನಗಳ ಕುರಿತು. ಎರಡೇ ವಾಕ್ಯ ದಾಟುವಷ್ಟರಲ್ಲಿ ‘ನಾವೆಲ್ಲರೂ’ ಎಂದು ತನ್ನನ್ನೂ ಸೇರಿಸಿಕೊಳ್ಳುತ್ತಾನೆ. ತನ್ನ ಎದೆಯ ಮೇಲೆ ಕೈಯಿಟ್ಟು ಹೇಳಬೇಕಾದ ಮಾತನ್ನು ಬಸ್ಸಿಗೆ ಕಾದು ನಿಂತ ಅಪರಿಚಿತರ ಮೇಲೆ ಎಸೆಯುವುದನ್ನು ಕಂಡರೆ ನನಗೆ ನೋವಾಗುತ್ತದೆ.

ಇನ್ನು ತೀರ್ಪು. ಒಂದು ಸಲ ಸಾಯುವುದು, ಆಮೇಲೆ ನ್ಯಾಯತೀರ್ಪು ಎಂದು ಹಿಬ್ರಿಯರಿಗೆ ಬರೆದ ಪತ್ರ ಹೇಳುತ್ತದೆ. ನಮ್ಮಲ್ಲಿ ಮರುಹುಟ್ಟಿನ ನಂಬಿಕೆಯಿಲ್ಲ. ಕಥೋಲಿಕ ಬೋಧನೆಯಲ್ಲಿ ತೀರ್ಪು ಎರಡು. ಸತ್ತ ಕೂಡಲೇ ಒಬ್ಬೊಬ್ಬರಿಗೂ ಆಗುವುದು ಮೊದಲನೆಯದು. 1336ರಲ್ಲಿ ಪೋಪ್ ಹನ್ನೆರಡನೆಯ ಬೆನೆಡಿಕ್ಟ್ ಇದನ್ನು ಸ್ಪಷ್ಟವಾಗಿ ಸಾರಿದರು. ದೇವರ ಒಲವಿನಲ್ಲೇ ಸತ್ತು, ಇನ್ನೂ ಹದವಾಗದ ಆತ್ಮಗಳಿಗೆ ಶುದ್ಧೀಕರಣವಿದೆ. ಸತ್ತವರಿಗಾಗಿ ನಾವು ಪ್ರಾರ್ಥಿಸುವುದು ಅದಕ್ಕೇ. ಎರಡನೆಯದು ಲೋಕದ ಕೊನೆಯಲ್ಲಿ, ಕ್ರಿಸ್ತರು ಮತ್ತೆ ಬಂದಾಗ, ಎಲ್ಲರೂ ದೇಹಸಹಿತ ಎದ್ದ ಮೇಲೆ. ಪ್ರೊಟೆಸ್ಟೆಂಟರು ಶುದ್ಧೀಕರಣವನ್ನು ಒಪ್ಪುವುದಿಲ್ಲ. ಅಡ್ವೆಂಟಿಸ್ಟರೆಂಬ ಪಂಗಡದವರು, ಸತ್ತವರು ಆ ದಿನದವರೆಗೆ ಅರಿವಿಲ್ಲದ ನಿದ್ದೆಯಲ್ಲಿರುತ್ತಾರೆ ಎನ್ನುತ್ತಾರೆ. ನರಸಿಂಹರಾಜಪುರದ ಕಡೆ ನೆಲೆಸಿರುವ ಸಿರಿಯನ್ ಕ್ರೈಸ್ತರು ನಮ್ಮ ಹಾಗೆಯೇ ಅಗಲಿದವರಿಗಾಗಿ ಪ್ರಾರ್ಥಿಸುತ್ತಾರೆ.

ದೇಹಸಹಿತ ಏಳುವುದು ಎಂದೆನಲ್ಲ, ಅದನ್ನು ನನಗೆ ಮನದಟ್ಟು ಮಾಡಿದವರು ನನ್ನ ಅಜ್ಜಿ. ಅವರ ತವರು ಹಾಸನ ಜಿಲ್ಲೆಯಲ್ಲಿ, ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕ ಹಳ್ಳಿ. ಅದೇ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ಪಾಳುಬಿದ್ದ ಇಗರ್ಜಿಯನ್ನು, ಅಂದರೆ ಚರ್ಚನ್ನು, ನೋಡಲು ಈಗ ಜನ ಕ್ಯಾಮೆರಾ ಹಿಡಿದು ಹೋಗುತ್ತಾರೆ; ಅಜ್ಜಿ ಅತ್ತ ಮುಖ ಹಾಕಲಿಲ್ಲ. ತಮ್ಮ ತಂದೆ ತಾಯಿಯರನ್ನು ಹೂತ ನೆಲ ನೀರಿನಡಿ ಹೋಯಿತೆಂಬುದು ಅವರಿಗೆ ಆರದ ದುಃಖ. ಪ್ರಕಟನಾ ಗ್ರಂಥದ 20ನೆಯ ಅಧ್ಯಾಯವನ್ನು ಜನ ಹೆದರಿಕೊಂಡು ಓದುತ್ತಾರೆ: ಬಿಳಿಯ ಸಿಂಹಾಸನ, ಬೆಂಕಿಯ ಕೆರೆ, ಎರಡನೆಯ ಮರಣ. ಅಜ್ಜಿ ಮಾತ್ರ ಅದರ 13ನೆಯ ವಾಕ್ಯವನ್ನು ಮತ್ತೆ ಮತ್ತೆ ಓದಿಸಿ ಕೇಳುತ್ತಿದ್ದರು. ಸಮುದ್ರವು ತನ್ನೊಳಗಿದ್ದ ಸತ್ತವರನ್ನು ಒಪ್ಪಿಸಿತು ಎಂದು ಅಲ್ಲಿದೆ. ‘ಸಮುದ್ರವೇ ಒಪ್ಪಿಸುವುದಾದರೆ ಹೇಮಾವತಿ ಒಪ್ಪಿಸುವುದಿಲ್ಲವೇ?’ ಎನ್ನುತ್ತಿದ್ದರು.

ಅದೇ ಅಧ್ಯಾಯದಲ್ಲಿ ಪುಸ್ತಕಗಳು ತೆರೆಯಲ್ಪಡುತ್ತವೆ. ಚಿತ್ರಗುಪ್ತನ ಲೆಕ್ಕದ ಹಾಗೆ ಎಂದು ನಿಮಗೆ ಅನ್ನಿಸಬಹುದು. ಒಂದು ವ್ಯತ್ಯಾಸವಿದೆ. ಕೃತ್ಯಗಳನ್ನು ಬರೆದ ಪುಸ್ತಕಗಳಲ್ಲದೆ ಬೇರೊಂದು ಪುಸ್ತಕವೂ ಅಲ್ಲಿ ತೆರೆಯುತ್ತದೆ. ಅದು ಜೀವದ ಪುಸ್ತಕ, ಅದರಲ್ಲಿ ಹೆಸರುಗಳಿವೆ. ಲೆಕ್ಕ ಮಾತ್ರವೇ ಗತಿ ಎಂದಾಗಿದ್ದರೆ ನನ್ನ ಒಂಬತ್ತು ವರ್ಷಗಳನ್ನು ಯಾವ ಕಡೆ ಬರೆದು ಸರಿದೂಗಿಸಲಿ?

ನಿಮ್ಮ ತಾಯಿಯ ವಿಷಯಕ್ಕೆ ಬರುತ್ತೇನೆ. ಅಂತಿಮ ತೀರ್ಪನ್ನು ಯೇಸು ತಾವೇ ಬಿಡಿಸಿ ಹೇಳಿರುವುದು ಮತ್ತಾಯನ 25ನೆಯ ಅಧ್ಯಾಯದಲ್ಲಿ. ಸಕಲ ಜನಾಂಗಗಳೂ ಅವರ ಮುಂದೆ ನಿಲ್ಲುತ್ತವೆ. ಹಸಿದಿದ್ದೆ, ಬಾಯಾರಿದ್ದೆ, ಪರದೇಶಿಯಾಗಿದ್ದೆ, ಬಟ್ಟೆಯಿಲ್ಲದಿದ್ದೆ, ಕಾಯಿಲೆ ಬಿದ್ದಿದ್ದೆ, ಸೆರೆಯಲ್ಲಿದ್ದೆ ಎಂದು ಆರು ಸಂಗತಿಗಳನ್ನು ಹೇಳುತ್ತಾರೆ. ಆಗ ನೆರವಾದವರನ್ನು ಬಲಗಡೆ, ಆಗದವರನ್ನು ಎಡಗಡೆ ನಿಲ್ಲಿಸಿರುತ್ತಾರೆ. ಬಲಗಡೆಯವರು ಸಂತೋಷದಿಂದ ತಲೆದೂಗುವುದಿಲ್ಲ. ನಿಮ್ಮನ್ನು ನಾವು ಯಾವಾಗ ಕಂಡೆವು ಎಂದು ಬೆರಗಾಗಿ ಕೇಳುತ್ತಾರೆ. ಯಾರಿಗೆ ಅನ್ನವಿಟ್ಟೆವೆಂಬುದು ಅವರಿಗೆ ತಿಳಿದೇ ಇರಲಿಲ್ಲ. ಎಡಗಡೆಯವರಿಗೂ ತಿಳಿದಿರಲಿಲ್ಲ. ಕಥೋಲಿಕ ಬಿಷಪರೆಲ್ಲ ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೊರಡಿಸಿದ ಧರ್ಮಸಭೆಯ ಕುರಿತ ಶಾಸನದ 16ನೆಯ ಪರಿಚ್ಛೇದವೂ, ತಮ್ಮ ತಪ್ಪಿಲ್ಲದೆ ಕ್ರಿಸ್ತರನ್ನು ಅರಿಯದೆ, ನಿಜಮನಸ್ಸಿನಿಂದ ದೇವರನ್ನು ಹುಡುಕಿ, ಆತ್ಮಸಾಕ್ಷಿಗೆ ತಕ್ಕಂತೆ ನಡೆದವರು ರಕ್ಷಣೆ ಹೊಂದಬಲ್ಲರು ಎನ್ನುತ್ತದೆ. ಎಲ್ಲ ಸಭೆಗಳೂ ಇದನ್ನು ಒಪ್ಪುವುದಿಲ್ಲ. ಕರಪತ್ರ ಹಂಚಿದವರೂ ಒಪ್ಪಲಿಕ್ಕಿಲ್ಲ.

ನರಕವಿಲ್ಲ ಎಂದು ಹೇಳಿ ನಿಮ್ಮನ್ನು ಸಮಾಧಾನ ಮಾಡಲಾರೆ, ನರಕವಿದೆ ಎಂದು ನಾನು ನಂಬುತ್ತೇನೆ. ಆದರೆ 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಅದನ್ನು ವಿವರಿಸುವುದು, ಮನುಷ್ಯ ತನ್ನನ್ನು ತಾನೇ ದೇವರಿಂದ ಶಾಶ್ವತವಾಗಿ ಹೊರಗಿಟ್ಟುಕೊಳ್ಳುವ ಸ್ಥಿತಿ ಎಂದು. ಆ ಸ್ಥಿತಿಯ ರುಚಿಯನ್ನು ಅಣ್ಣನ ಮನೆಯ ಮುಂದೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ ದಿನಗಳಲ್ಲಿ ಕಂಡಿದ್ದೇನೆ. ಬಾಗಿಲಿನ ಚಿಲಕ ನನ್ನ ಕಡೆಯೇ ಇತ್ತು. ನಿಮ್ಮ ತಾಯಿಯ ಮೇಲೆ ತೀರ್ಪು ಹೇಳುವ ಅಧಿಕಾರವನ್ನು ದೇವರು ಯಾವ ಸಭೆಗೂ ಕೊಟ್ಟಿಲ್ಲ. ಅವರ ಕೈಯಿಂದ ಯಾರು ಯಾರು ಉಂಡರು ಎಂಬುದು ನನಗಿಂತ ನಿಮಗೆ ಗೊತ್ತು.

ಅಣ್ಣ ತೀರಿಕೊಂಡು ಮೂರು ವರ್ಷವಾಯಿತು. ನವೆಂಬರ್ 2, ಅಗಲಿದ ಎಲ್ಲರನ್ನೂ ನೆನೆಯುವ ದಿನ. ಸಂಜೆ ಇಲ್ಲಿನ ಸಮಾಧಿಭೂಮಿಯ ತುಂಬ ಮೇಣದಬತ್ತಿಗಳಿರುತ್ತವೆ. ಕ್ರೈಸ್ತರಲ್ಲದವರಿಗಾಗಿಯೂ ನಾವು ಪ್ರಾರ್ಥಿಸಬಹುದು. ನಿಮಗೆ ಒಪ್ಪಿಗೆಯಿದ್ದರೆ, ಅಣ್ಣನಿಗಾಗಿ ಹಚ್ಚುವ ಬತ್ತಿಯ ಪಕ್ಕದಲ್ಲಿ ಈ ವರ್ಷ ನಿಮ್ಮ ತಾಯಿಗಾಗಿ ಇನ್ನೊಂದನ್ನು ಹಚ್ಚುತ್ತೇನೆ.