ನಿಮ್ಮ ಊಟದ ಡಬ್ಬಿಗೆ ಸಿಟಿ ದುಡ್ಡು ಯಾಕೆ ಬರಲಿಲ್ಲ?

ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪೂರ್ತಿ ಅಚ್ಚು ಮಾಡಲು ಜಾಗವಿಲ್ಲ, ಅದಕ್ಕೆ ಬೇರೆ ಓದುಗರಿಗಾಗಿ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ನೀವು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿದ್ದೀರಿ. ನೀವೂ ನಿಮ್ಮ ಗೆಳತಿಯರೂ ಸೇರಿ ಒಂದು ಬಾಡಿಗೆ ಅಡುಗೆಮನೆಯಲ್ಲಿ ವಾರಕ್ಕೆ ಎರಡು ದಿನ ಅಡುಗೆ ಮಾಡಿ, ಒಂಟಿಯಾಗಿರುವ ವಯಸ್ಸಾದವರ ಮನೆ ಬಾಗಿಲಿಗೆ ಡಬ್ಬಿ ತಲುಪಿಸುತ್ತೀರಿ. ನಿಮ್ಮ ಸಿಟಿಗೆ ಬರುವ ಫೆಡರಲ್ ಅನುದಾನದಿಂದ 40,000 ಡಾಲರ್ ಕೇಳಿದ್ದಿರಿ. ಒಂದು ಡಾಲರೂ ಸಿಗಲಿಲ್ಲ. ಅದೇ ವರ್ಷ ಅದೇ ದುಡ್ಡಿನಲ್ಲಿ ಸಿಟಿಯವರು ಫುಟ್‌ಪಾತಿನ ಮೂಲೆಗಳಿಗೆ ಇಳಿಜಾರು ಮಾಡಿಸಿದರು. ‘ಸಿಮೆಂಟಿಗೆ ದುಡ್ಡಿದೆ, ಊಟಕ್ಕಿಲ್ಲವೇ? ಇದು ರಾಜಕೀಯವಲ್ಲದೆ ಮತ್ತೇನು?’ ಎಂದು ಕೇಳಿದ್ದೀರಿ. ಇಷ್ಟು ಶ್ರೀಮಂತ ಊರಿಗೆ ಬಡವರ ಹೆಸರಿನ ದುಡ್ಡು ಬರುವುದಾದರೂ ಯಾಕೆ ಅನ್ನುವುದು ನಿಮ್ಮ ಇನ್ನೊಂದು ಪ್ರಶ್ನೆ.

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಸಿಮೆಂಟಿನ ದುಡ್ಡು, ಊಟದ ದುಡ್ಡು ಎರಡೂ ಒಂದೇ ಚೀಲದಲ್ಲಿ ಬಂದರೂ ಒಂದೇ ಜೇಬಿಗೆ ಹೋಗುವುದಿಲ್ಲ. ಆ ಜೇಬುಗಳನ್ನು ಹೊಲಿದಿರುವುದು ನಿಮ್ಮ ಸಿಟಿ ಕೌನ್ಸಿಲ್ ಅಲ್ಲ, ವಾಷಿಂಗ್ಟನ್.

ಎಲ್ಲರೂ ಸಿಡಿಬಿಜಿ (ಕಮ್ಯೂನಿಟಿ ಡೆವಲಪ್‌ಮೆಂಟ್ ಬ್ಲಾಕ್ ಗ್ರಾಂಟ್) ಅನ್ನುವ ಈ ಅನುದಾನ 1974ರಲ್ಲಿ, ಜೆರಾಲ್ಡ್ ಫೋರ್ಡ್ ಅಧ್ಯಕ್ಷರಾಗಿದ್ದಾಗ ಆದ ಕಾನೂನಿನಿಂದ ಬಂದದ್ದು. ಅದಕ್ಕೆ ಮುಂಚೆ ಊರು ನವೀಕರಣಕ್ಕೆ ಒಂದು ಯೋಜನೆ, ನೀರು ಚರಂಡಿಗೆ ಇನ್ನೊಂದು ಅಂತ ಬೇರೆ ಬೇರೆ ಬರುತ್ತಿದ್ದವು. ಪ್ರತಿಯೊಂದಕ್ಕೂ ಊರುಗಳು ಬೇರೆ ಬೇರೆ ಅರ್ಜಿ ಹಾಕಬೇಕಿತ್ತು. ಅವನ್ನೆಲ್ಲ ಸೇರಿಸಿ ಒಂದೇ ಗಂಟು ಮಾಡಿ, ಊರಿನ ಅಗತ್ಯ ಊರಿನವರಿಗೇ ಗೊತ್ತು, ಅವರೇ ತೀರ್ಮಾನಿಸಲಿ ಎಂದು ಬಿಟ್ಟರು. ಈಚಿನ ವರ್ಷಗಳಲ್ಲಿ ಇಡೀ ದೇಶಕ್ಕೆ ಸುಮಾರು 330 ಕೋಟಿ ಡಾಲರ್ ಹೀಗೆ ಹಂಚಿಕೆಯಾಗುತ್ತಿದೆ. ಹಂಚುವುದು ಫೆಡರಲ್ ವಸತಿ ಇಲಾಖೆ, ಜನ ‘ಹಡ್’ ಅನ್ನುತ್ತಾರಲ್ಲ, ಅದು.

ಶ್ರೀಮಂತ ಊರಿಗೆ ಯಾಕೆ ಅಂತ ಕೇಳಿದಿರಿ. ಮಹಾನಗರ ವಲಯದಲ್ಲಿದ್ದು 50,000ಕ್ಕಿಂತ ಜಾಸ್ತಿ ಜನರಿರುವ ಊರಿಗೆ ಇದು ಹಕ್ಕಿನಂತೆ ಬರುತ್ತದೆ, ಸ್ಪರ್ಧೆ ಇಲ್ಲ. ಎಷ್ಟು ಬರುತ್ತದೆ ಅನ್ನುವುದಕ್ಕೆ ಎರಡು ಸೂತ್ರಗಳಿವೆ. ಮೊದಲನೆಯದರಲ್ಲಿ ಅರ್ಧ ತೂಕ ಬಡತನಕ್ಕೆ, ಕಾಲು ಜನಸಂಖ್ಯೆಗೆ, ಇನ್ನು ಕಾಲು ಕಿಕ್ಕಿರಿದ ಮನೆಗಳಿಗೆ, ಅಂದರೆ ಒಂದು ಕೋಣೆಗೆ ಒಬ್ಬರಿಗಿಂತ ಜಾಸ್ತಿ ಜನ ಬದುಕುತ್ತಿರುವ ಮನೆಗಳಿಗೆ. ಎರಡನೆಯದರಲ್ಲಿ ಅರ್ಧ ತೂಕ 1940ಕ್ಕಿಂತ ಹಿಂದೆ ಕಟ್ಟಿದ ಮನೆಗಳಿಗೆ, ಉಳಿದದ್ದು ಬಡತನಕ್ಕೆ ಮತ್ತು ಜನಸಂಖ್ಯೆ ಬೆಳೆಯದೆ ಹಿಂದೆ ಬಿದ್ದಿರುವುದಕ್ಕೆ. ಊರಿಗೆ ಯಾವುದರಲ್ಲಿ ಜಾಸ್ತಿ ಬರುತ್ತದೋ ಅದೇ ಲೆಕ್ಕ. ಡೆಟ್ರಾಯಿಟ್‌ನಂಥ ಹಳೇ ಊರುಗಳಿಗೆ ಎರಡನೆಯದು ಅನುಕೂಲ. ನಿಮ್ಮ ಕಡೆಯ ಹೊಸ ಊರುಗಳಿಗೆ ಮೊದಲನೆಯದು. ನಿಮ್ಮ ರಸ್ತೆಯಲ್ಲಿ ಟೆಸ್ಲಾ ಸಾಲಾಗಿ ನಿಂತಿರಬಹುದು, ಆದರೆ ಎರಡು ರಸ್ತೆ ಆಚೆ ಒಂದು ಅಪಾರ್ಟ್‌ಮೆಂಟಿನಲ್ಲಿ ಎರಡು ಸಂಸಾರ ಇದ್ದರೆ ಆ ಲೆಕ್ಕವೂ ಸೂತ್ರದೊಳಗೆ ಬರುತ್ತದೆ. ಆ ಜನರನ್ನು ನಾವು, ಅಂದರೆ ಅಲ್ಲಿನ ಕನ್ನಡದವರು, ಹೆಚ್ಚಾಗಿ ನೋಡುವುದೇ ಇಲ್ಲ. ನೀವು ಡಬ್ಬಿ ಹಿಡಿದು ಮೆಟ್ಟಿಲು ಹತ್ತುವುದರಿಂದ ನೋಡಿದ್ದೀರಿ.

ಈಗ ಜೇಬಿನ ವಿಷಯ. ಲೆಕ್ಕಕ್ಕೆ ಸುಲಭವಾಗಲಿ ಎಂದು ಒಂದು ಊರಿಗೆ 10 ಲಕ್ಷ ಡಾಲರ್ ಬಂತು ಅಂದುಕೊಳ್ಳೋಣ. ಅದರಲ್ಲಿ ಯೋಜನೆ ಮತ್ತು ಆಡಳಿತದ ಖರ್ಚಿಗೆ 20 ಪರ್ಸೆಂಟ್ ಮೀರುವ ಹಾಗಿಲ್ಲ. ಸಾರ್ವಜನಿಕ ಸೇವೆಗಳಿಗೆ, ಅಂದರೆ ಊಟ, ಮಕ್ಕಳ ಪಾಲನೆ, ಕಾನೂನು ನೆರವು, ಹೊಡೆತ ತಿಂದು ಮನೆ ಬಿಟ್ಟ ಹೆಂಗಸರಿಗೆ ಸಹಾಯ, ಬೀದಿಯಲ್ಲಿರುವವರಿಗೆ ನೆರವು, ಈ ಎಲ್ಲದಕ್ಕೂ ಸೇರಿ 15 ಪರ್ಸೆಂಟ್ ಮೀರುವ ಹಾಗಿಲ್ಲ. ಹಿಂದಿನ ವರ್ಷ ಮನೆ ರಿಪೇರಿ ಸಾಲ ತೀರಿಸಿದವರಿಂದ ವಾಪಸ್ ಬಂದಂಥ ದುಡ್ಡಿದ್ದರೆ ಅದನ್ನೂ ಸೇರಿಸಿ 15 ಪರ್ಸೆಂಟ್, ಅಷ್ಟೇ. ಅಂದರೆ ಸುಮಾರು 1.5 ಲಕ್ಷ ಡಾಲರ್. ಉಳಿದದ್ದು ಮನೆ ರಿಪೇರಿ, ಆಶ್ರಯ ಕಟ್ಟಡ, ಸಮುದಾಯ ಭವನ, ರಸ್ತೆ, ಫುಟ್‌ಪಾತ್, ಇಂಥ ಕಟ್ಟುವ ಕೆಲಸಗಳಿಗೆ. ಕೌನ್ಸಿಲಿನವರು ಎಲ್ಲರೂ ಕೈ ಎತ್ತಿ ಒಪ್ಪಿದರೂ ಸಿಮೆಂಟಿನ ದುಡ್ಡನ್ನು ಊಟಕ್ಕೆ ತಿರುಗಿಸುವಂತಿಲ್ಲ. ಆ 1.5 ಲಕ್ಷಕ್ಕೆ ಹತ್ತು ಸಂಸ್ಥೆಗಳು ಕೇಳಿದರೆ ತಲೆಗೆ 15,000. ಇಷ್ಟು ಚಿಕ್ಕ ಮೊತ್ತಕ್ಕೂ ದೊಡ್ಡ ಮೊತ್ತದಷ್ಟೇ ಕಾಗದಪತ್ರ ಬೇಕು, ಅದಕ್ಕೆ ಎಷ್ಟೋ ಊರುಗಳು ಹಂಚಿ ಚೂರು ಮಾಡುವ ಬದಲು ನಾಲ್ಕೈದು ಸಂಸ್ಥೆಗಳಿಗೆ ಕೊಟ್ಟು ಬಾಕಿಯವರನ್ನು ವಾಪಸ್ ಕಳಿಸುತ್ತವೆ. ನಿಮಗೆ ಆದದ್ದೂ ಇದೇ ಅಂತ ನೀವು ಕಳಿಸಿದ ಪಟ್ಟಿ ನೋಡಿದರೆ ಅನ್ನಿಸುತ್ತದೆ. ಅಲ್ಲಿ ದುಡ್ಡು ಪಡೆದವರಲ್ಲಿ ಒಬ್ಬರು ಮನೆ ಖಾಲಿ ಮಾಡಿಸಿಕೊಳ್ಳುತ್ತಿರುವ ಬಾಡಿಗೆದಾರರಿಗೆ ವಕೀಲರನ್ನು ಕೊಡುವವರು. ಅವರನ್ನು ತೆಗೆದು ನಿಮಗೆ ಕೊಡಬೇಕಿತ್ತು ಅಂತ ನನಗೆ ಹೇಳಲಾಗುವುದಿಲ್ಲ. ನಿಮಗೂ ಆಗುವುದಿಲ್ಲ, ಅಲ್ವಾ?

ಈ 15 ಪರ್ಸೆಂಟ್ ಮಿತಿ ತಪ್ಪು ಅಂತಲೇ ನನ್ನ ಅಭಿಪ್ರಾಯ. ದುಡ್ಡು ಬರೀ ಸಂಬಳಕ್ಕೆ ಖರ್ಚಾಗದೆ ಊರಿನಲ್ಲಿ ಉಳಿಯುವಂಥದ್ದು ಏನಾದರೂ ಆಗಲಿ ಅನ್ನುವ ಆಸೆ ಅದರ ಹಿಂದಿದೆ, ಸರಿ. ಆದರೆ 2020ರಲ್ಲಿ ಕೊರೊನಾ ಬಂದಾಗ ಏನಾಯಿತು ನೋಡಿ. ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, 500 ಕೋಟಿ ಡಾಲರ್ ಹೆಚ್ಚುವರಿಯಾಗಿ ಇದೇ ದಾರಿಯಲ್ಲಿ ಕೊಟ್ಟಿತು, ಕೊರೊನಾ ಕೆಲಸಕ್ಕೆ ಈ ಮಿತಿಯನ್ನೇ ತೆಗೆದುಹಾಕಿತು. ಊರುಗಳು ಬಾಡಿಗೆ ನೆರವಿಗೆ, ಆಹಾರ ಹಂಚಿಕೆಗೆ ಧೈರ್ಯವಾಗಿ ಕೊಟ್ಟವು. ಕಷ್ಟದ ದಿನಗಳಲ್ಲಿ ಊರನ್ನು ನಂಬಬಹುದಾದರೆ ಬೇರೆ ದಿನಗಳಲ್ಲಿ ಯಾಕೆ ನಂಬಬಾರದು? ಇದನ್ನು ಕೇಳಬೇಕಾದದ್ದು ನಿಮ್ಮ ಮೇಯರ್ ಹತ್ತಿರ ಅಲ್ಲ, ನಿಮ್ಮ ಕಾಂಗ್ರೆಸ್ ಸದಸ್ಯರ ಹತ್ತಿರ. ಅವರ ಕಚೇರಿಗೆ ಒಂದು ಪತ್ರ ಬರೆಯಿರಿ, ಡಬ್ಬಿಗಳ ಲೆಕ್ಕದ ಜೊತೆ.

ಇಳಿಜಾರಿನ ಬಗ್ಗೆಯೂ ಒಂದು ಮಾತು. ದಯವಿಟ್ಟು ಅದನ್ನು ಬರೀ ಸಿಮೆಂಟ್ ಅನ್ನಬೇಡಿ. ನೀವು ಊಟ ಕೊಡುವ ಅಜ್ಜಿ ವಾಕರ್ ಹಿಡಿದು ರಸ್ತೆ ದಾಟುವುದು ಆ ಮೂಲೆಯಲ್ಲೇ.

ಇನ್ನು ನಿಮ್ಮ ಅರ್ಜಿಗೆ ಬರುತ್ತೇನೆ. ಅದರಲ್ಲಿ ಮೂರು ವಿಷಯ ನನ್ನ ಕಣ್ಣಿಗೆ ಬಿತ್ತು. ನೀವು ‘ನಮ್ಮ ಹಿರಿಯರ ಮಕ್ಕಳು ಇಂಜಿನಿಯರುಗಳು, ಬಡವರು ಅಂತ ಹೇಗೆ ತೋರಿಸುವುದು’ ಎಂದು ಒದ್ದಾಡಿ ಅರ್ಧ ಪುಟ ಬರೆದಿದ್ದೀರಿ. ಆ ಒದ್ದಾಟ ಬೇಕಿರಲಿಲ್ಲ. ಈ ದುಡ್ಡಿನಲ್ಲಿ ಕನಿಷ್ಠ 70 ಪರ್ಸೆಂಟ್ ಕಡಿಮೆ ಮತ್ತು ಮಧ್ಯಮ ಆದಾಯದವರಿಗೆ ಉಪಯೋಗವಾಗಬೇಕು ಅನ್ನುವುದು ನಿಜ, ಅಂದರೆ ಆ ಪ್ರದೇಶದ ನಡುಮಟ್ಟದ ಆದಾಯದ 80 ಪರ್ಸೆಂಟ್ ಒಳಗಿರುವವರಿಗೆ. (ಸಾಂತಾ ಕ್ಲಾರಾ ಕೌಂಟಿಯಲ್ಲಿ ವರ್ಷಕ್ಕೆ ಒಂದು ಲಕ್ಷ ಡಾಲರ್ ದುಡಿಯುವ ನಾಲ್ಕು ಜನರ ಸಂಸಾರವೂ ಈ ಗೆರೆಯ ಕೆಳಗೇ ಬರುತ್ತದೆ. ಅಲ್ಲಿನ ಮನೆ ಬಾಡಿಗೆ ಕಟ್ಟಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.) ಆದರೆ ವಯಸ್ಸಾದವರು, ತೀವ್ರ ಅಂಗವೈಕಲ್ಯವಿರುವವರು, ಮನೆಯಿಲ್ಲದವರು, ಇಂಥ ಕೆಲವು ಗುಂಪಿನವರಿಗಾಗಿಯೇ ನಡೆಸುವ ಸೇವೆಯಲ್ಲಿ ಅವರನ್ನು ಕಡಿಮೆ ಆದಾಯದವರೆಂದೇ ಎಣಿಸಲು ನಿಯಮದಲ್ಲೇ ಅವಕಾಶವಿದೆ. ಒಬ್ಬೊಬ್ಬರ ಆದಾಯದ ಕಾಗದ ಕೇಳಿ ಅವರಿಗೆ ಮುಜುಗರ ಮಾಡುವುದು ಬೇಡ.

ಎರಡನೆಯದು ಸ್ವಲ್ಪ ಕಹಿ. ‘ನಮ್ಮ ಕನ್ನಡದ ಹಿರಿಯರಿಗೆ’ ಎಂದು ಬರೆದಿದ್ದೀರಿ. ಇದು ಸರ್ಕಾರದ ದುಡ್ಡು, ಕದ ಎಲ್ಲರಿಗೂ ತೆರೆದಿರಬೇಕು. ಸಾರು ಅನ್ನವೇ ಇರಲಿ, ಸಸ್ಯಾಹಾರವೇ ಇರಲಿ, ಅದು ಅಡ್ಡಿಯಲ್ಲ. ಆದರೆ ಪಕ್ಕದ ಮನೆಯ ವಿಯೆಟ್ನಾಮಿ ಅಜ್ಜ ಬೇಕೆಂದರೆ ಅವರಿಗೂ ಡಬ್ಬಿ ಹೋಗಬೇಕು. ದೇವಸ್ಥಾನದ ಅಡುಗೆಮನೆ ಬಳಸಿದರೂ ಪರವಾಗಿಲ್ಲ, ಪೂಜೆಯನ್ನೂ ಈ ಸೇವೆಯನ್ನೂ ಬೇರೆ ಬೇರೆ ಇಟ್ಟರೆ ಸಾಕು. ನಿಮ್ಮ ಪತ್ರದಲ್ಲೇ ಇನ್ನೊಂದು ಕಡೆ, ಮೂರನೇ ಮಹಡಿಯ ಮೆಕ್ಸಿಕೋ ಮೂಲದ ಅಮ್ಮನಿಗೂ ಕೊಡುತ್ತೇವೆ ಎಂದಿದ್ದೀರಿ. ಅದನ್ನು ಅರ್ಜಿಯಲ್ಲಿ ಯಾಕೆ ಬರೆಯಲಿಲ್ಲ?

ಮೂರನೆಯದು ಎಲ್ಲಕ್ಕಿಂತ ಮುಖ್ಯ. ನೀವು ಕೇಳಿದ 40,000ದಲ್ಲಿ 26,000 ಅಡುಗೆಮನೆಗೆ: ಹೊಗೆ ಹೋಗುವ ಹುಡ್, ದೊಡ್ಡ ಸಿಂಕ್, ಗಾಲಿಕುರ್ಚಿ ಹೋಗುವಂಥ ಬಾಗಿಲು. ಅದು ಸೇವೆಯಲ್ಲ, ಕಟ್ಟುವ ಕೆಲಸ. ಅಂದರೆ ಕಿಕ್ಕಿರಿದ 15 ಪರ್ಸೆಂಟಿನ ಸಾಲು ಬಿಟ್ಟು ದೊಡ್ಡ ಜೇಬಿನ ಮುಂದೆ ನಿಲ್ಲಬಹುದು. ಸುಲಭ ಅಂತ ಹೇಳುವುದಿಲ್ಲ. 2,000 ಡಾಲರ್ ಮೀರಿದ ಕಟ್ಟಡ ಗುತ್ತಿಗೆಗೆ ಫೆಡರಲ್ ಸರ್ಕಾರ ಹೇಳಿದ ಕೂಲಿ ಕೊಡಬೇಕು, ಕೆಲಸ ಶುರುವಾಗುವ ಮುಂಚೆ ಪರಿಸರ ಪರಿಶೀಲನೆ ಮುಗಿಯಬೇಕು, ಬಾಡಿಗೆ ಕರಾರು ಸಾಕಷ್ಟು ವರ್ಷದ್ದಿರಬೇಕು. ಮೊದಲು ನೀವು ಖರ್ಚು ಮಾಡಿ ಆಮೇಲೆ ರಸೀದಿ ಕೊಟ್ಟು ದುಡ್ಡು ತೆಗೆದುಕೊಳ್ಳುವುದು ಸಾಮಾನ್ಯ ಪದ್ಧತಿ, ಹಾಗಾಗಿ ಕೈಯಲ್ಲಿ ಸ್ವಲ್ಪ ಹಣವೂ ಬೇಕು. ಇಷ್ಟೆಲ್ಲ ಒಂದು ಚಿಕ್ಕ ಗುಂಪಿಗೆ ಭಾರ. ಈಗಾಗಲೇ ಈ ದುಡ್ಡು ನಡೆಸಿ ಅನುಭವವಿರುವ ದೊಡ್ಡ ಸಂಸ್ಥೆಯ ಜೊತೆ ಸೇರಿ ಅರ್ಜಿ ಹಾಕುವುದು ಒಳ್ಳೆಯದು.

ಇನ್ನೊಂದು ವಿಷಯ, ಸಮಯ. ನೀವು ಮೇ ತಿಂಗಳ ಕೌನ್ಸಿಲ್ ಸಭೆಗೆ ಹೋಗಿ ಮೂರು ನಿಮಿಷ ಮಾತಾಡಿ ಬಂದಿರಿ. ಅಷ್ಟು ಹೊತ್ತಿಗೆ ಎಲ್ಲ ಹೆಚ್ಚುಕಡಿಮೆ ಮುಗಿದಿರುತ್ತದೆ. ಕ್ಯಾಲಿಫೋರ್ನಿಯಾದ ಬಹಳಷ್ಟು ಊರುಗಳಲ್ಲಿ ಅನುದಾನದ ವರ್ಷ ಜುಲೈ 1ಕ್ಕೆ ಶುರು. ವರ್ಷದ ಯೋಜನೆ 30 ದಿನ ಜನರ ಮುಂದಿದ್ದು ಆಮೇಲೆ ಹಡ್‌ಗೆ ಹೋಗಬೇಕು. ಅದಕ್ಕೂ ಮುಂಚೆ ಸಮಿತಿ ಕೂತು ಅರ್ಜಿಗಳಿಗೆ ಅಂಕ ಕೊಟ್ಟಿರುತ್ತದೆ. ಅದಕ್ಕೂ ಮುಂಚೆ, ಮೂರರಿಂದ ಐದು ವರ್ಷಕ್ಕೊಮ್ಮೆ, ಊರಿನ ಮುಖ್ಯ ಅಗತ್ಯಗಳು ಯಾವುವು ಅಂತ ದೊಡ್ಡ ಯೋಜನೆ ಬರೆಯುತ್ತಾರೆ. ಹಿರಿಯರ ಊಟ ಅನ್ನುವ ಮಾತು ಅದರಲ್ಲಿ ಇಲ್ಲದಿದ್ದರೆ ಆಮೇಲಿನ ಅಂಕಗಳಲ್ಲಿ ಅದು ಮೇಲೆ ಬರುವುದು ಕಷ್ಟ. ವರ್ಷಕ್ಕೆ ಕನಿಷ್ಠ ಎರಡು ಸಾರ್ವಜನಿಕ ಸಭೆ ಮಾಡಲೇಬೇಕು ಅನ್ನುವ ನಿಯಮವಿದೆ. ಅಂಥ ಮೊದಲ ಸಭೆಯೊಂದಕ್ಕೆ ನಾನು ಹೋಗಿದ್ದೆ, ಒಂದು ಊರಿನಲ್ಲಿ. ಸಿಬ್ಬಂದಿ ನಾಲ್ಕು ಜನ, ನಾವು ಮೂರು ಜನ. ನಮ್ಮಲ್ಲಿ ಒಬ್ಬರು ಹೇಳಿದ ಪ್ರತಿ ಮಾತನ್ನೂ ಅವರು ಬರೆದುಕೊಂಡರು. ಮೇ ತಿಂಗಳ ಸಭೆಯಲ್ಲಿ ಅರವತ್ತು ಜನ ಸಾಲು ನಿಂತಿದ್ದರು.

ನಿಮ್ಮ ಊರಿನ ದೊಡ್ಡ ಯೋಜನೆ ಯಾವ ವರ್ಷ ಮುಗಿಯುತ್ತದೆ ಅನ್ನುವುದನ್ನು ವಸತಿ ವಿಭಾಗಕ್ಕೆ ಫೋನ್ ಮಾಡಿ ಕೇಳಿ, ಹೇಳುತ್ತಾರೆ. ಖರ್ಚಿನ ಪಟ್ಟಿಯನ್ನು ಅಡುಗೆಮನೆ ಒಂದು ಕಡೆ, ಊಟ ಒಂದು ಕಡೆ ಎಂದು ಎರಡು ಮಾಡಿ ನನಗೂ ಒಂದು ಪ್ರತಿ ಕಳಿಸಿ. ದೀಪಾವಳಿಯೊಳಗೆ ಬಂದರೆ ಅರ್ಜಿ ಕರೆಯುವ ಮುಂಚೆ ಕೂತು ನೋಡಲು ನಮಗೂ ಸಮಯ ಸಿಗುತ್ತದೆ.

— ಸಂಪಾದಕ